ಉಪವಾಸದ ಪ್ರವಾಸ

ನಮ್ಮ ಗರಾಜಿನ ಮೂಲೆಯಲ್ಲಿ ಈಗಲೂ ಒಂದಷ್ಟು ಡಬ್ಬಿಗಳು ಉಳಿದಿವೆ. ಗೇಣುದ್ದದ ಬಿಳಿಯ ಡಬ್ಬಿಗಳು; ಮೈಮೇಲೆ ಹಳದಿ ಹೂವಿನ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ವೆನಿಲಾ ಎಂಬ ಹೆಸರು. ಬಾಯಿಯ ಗೊಡವೆಯೇ ಇಲ್ಲದೆ, ಹೊಟ್ಟೆಯ ಗೋಡೆಗೆ ಕೊರೆದು ಕೂರಿಸಿದ ನಳಿಕೆಯಿಂದ ನೇರವಾಗಿ ಒಳಗಿಳಿಯುವ ಆಹಾರಕ್ಕೆ ವೆನಿಲಾ ರುಚಿ ಯಾಕೆ ಬೇಕಿತ್ತೋ ನನಗಂತೂ ತಿಳಿಯದು. ತಯಾರಿಸಿದವರಿಗೆ, ಊಟವೆಂದ ಮೇಲೆ ರುಚಿಯ ಹೆಸರಾದರೂ ಇರಲಿ ಎಂಬ ಮರ್ಯಾದೆ ತೋರಿರಬೇಕು. ಆ ಮರ್ಯಾದೆಯ ಡಬ್ಬಿಗಳನ್ನು ಸೂಟ್‌ಕೇಸು ತುಂಬ ಹೊತ್ತುಕೊಂಡು ನಾನೂ ನನ್ನ ಗಂಡನೂ ಸ್ಪೇನ್ ದೇಶಕ್ಕೆ ಊಟದ ಪ್ರವಾಸ ಹೋಗಿಬಂದೆವು ಎಂದರೆ ನೀವು ನನ್ನ ಬುದ್ಧಿಯ ಬಗ್ಗೆ ಅನುಮಾನ ಪಡಬಹುದು. ಪಡಿ, ಅಡ್ಡಿಯಿಲ್ಲ. ಆದರೆ ಪೂರ್ತಿ ಕೇಳಿದ ಮೇಲೆ ಪಡಿ.

ನನ್ನ ಗಂಡ ಕೆಂಪರಾಜು ಮಂಡ್ಯದ ಕಡೆಯವರು. ನಮ್ಮ ಮನೆ ವಾಲ್ನಟ್ ಕ್ರೀಕಿನಲ್ಲಿ, ಅವರ ಆಫೀಸು ಕೊಲ್ಲಿಯಾಚೆ ರೆಡ್‌ವುಡ್ ಸಿಟಿಯಲ್ಲಿ. ಸೇತುವೆಯ ಮೇಲೆ ಟ್ರಾಫಿಕ್ಕು ಕಟ್ಟಿಕೊಂಡು ಮಿಕ್ಕವರೆಲ್ಲ ಹಲ್ಲು ಕಡಿಯುವ ಹೊತ್ತಿನಲ್ಲಿ ಅವರು ಕೋಡುಬಳೆ ಕಡಿಯುತ್ತ ನೆಮ್ಮದಿಯಾಗಿರುತ್ತಿದ್ದರು. ಶನಿವಾರ ಬಂತೆಂದರೆ ನನ್ನನ್ನೂ ಮಗಳನ್ನೂ ಅಡುಗೆಮನೆಯಿಂದ ಹೊರಗಟ್ಟಿ, ಸೊಪ್ಪು ಕಾಳು ಬೇಯಿಸಿ ಬಸಿದು ಬಸ್ಸಾರು ಮಾಡಿ, ಮುದ್ದೆ ಕಟ್ಟಿ, ಬನ್ನಿ ಎಂದು ಕೂಗುತ್ತಿದ್ದರು. ಅವರದು ಹೊಟ್ಟೆಬಾಕತನವಲ್ಲ, ಅದೊಂದು ಬಗೆಯ ಏಕಾಗ್ರತೆ. ಯಾರದೋ ಮನೆಯ ಪಾರ್ಟಿಯಿಂದ ಮರಳುವಾಗ ಕಾರಿನಲ್ಲಿ ವಿಚಾರಣೆ ನಡೆಯುತ್ತಿತ್ತು: ಹುಳಿಗೆ ಬೆಲ್ಲ ಬಿದ್ದದ್ದು ಮೊದಲೋ ಆಮೇಲೋ, ಒಗ್ಗರಣೆಯ ಇಂಗು ಹತ್ತಿತ್ತೋ ಇಲ್ಲವೋ. ನಾನು ಡೇಕೇರಿನಲ್ಲಿ ದಿನವಿಡೀ ಬಾಯಿ ಬಿಗಿಹಿಡಿದ ಮಕ್ಕಳಿಗೆ ತುತ್ತು ತಿನ್ನಿಸಿ ಸೋತು ಬರುವವಳು. ಕರೆಯದೆಯೇ ಊಟಕ್ಕೆ ಬಂದು ಕೂರುವ ಮನುಷ್ಯನೊಬ್ಬ ಮನೆಯಲ್ಲಿರುವುದು ಎಂಥ ಭಾಗ್ಯವೆಂದು ನನಗೆ ಗೊತ್ತಿತ್ತು.

ಮಗಳು ಇಂಚರ ಬರ್ಕ್ಲಿಯ ವಿಶ್ವವಿದ್ಯಾಲಯ ಸೇರಿ ಅಲ್ಲಿಯೇ ಉಳಿದುಕೊಂಡ ವರ್ಷ ಅವರು ಸ್ಪೇನಿನ ಕನಸು ಕಟ್ಟಿದರು. "ಓಡೋ ಟೂರು ಬೇಡ ಕಣೆ. ಬೆಳಿಗ್ಗೆ ಒಂದು ಮ್ಯೂಸಿಯಮ್ಮು, ಇಲ್ಲಾ ಒಂದು ಹಳೇ ಕೋಟೆ. ಆಮೇಲೆ ಮಧ್ಯಾಹ್ನದ ಊಟ. ಆಮೇಲೆ ನಿದ್ದೆ. ಅಷ್ಟೆ," ಎಂದರು. ಟಿಕೆಟ್ಟುಗಳನ್ನು ಕೊಂಡಾಯಿತು. ಯಾವ ಊರಿನಲ್ಲಿ ಯಾವ ಬೀದಿಯ ಸಾರು ಚೆನ್ನ ಎಂಬುದನ್ನೂ ಓದಿ ಬಾಯಿಪಾಠ ಮಾಡಿಕೊಂಡದ್ದಾಯಿತು. ಹೀಗಿರುವಾಗ ಒಂದು ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದವರ ಬೆರಳಿಗೆ ಕೊರಳಿನಲ್ಲೊಂದು ಗಂಟು ಸಿಕ್ಕಿತು.

ಗಂಟಲಿನ ಕ್ಯಾನ್ಸರು. ಅದರ ವಿವರಗಳಿಂದ ನಿಮ್ಮನ್ನು ದಣಿಸುವುದಿಲ್ಲ. ಬೇಸಿಗೆಯೆಲ್ಲ ವಿಕಿರಣದ ಚಿಕಿತ್ಸೆ ನಡೆಯಿತು. ಕೊರಳಿನ ಚರ್ಮ ಸುಟ್ಟ ಹಪ್ಪಳದಂತಾಯಿತು. ದನಿ ಒಡೆದು ಗೊಗ್ಗರಾಯಿತು. ಬಾಯಿಯ ಜೊಲ್ಲೇ ಇಂಗಿಹೋಯಿತು. ಎಲ್ಲ ಮುಗಿದ ಮೇಲೆ ಎಕ್ಸ್‌ರೇ ಪರದೆಯ ಮುಂದೆ ಅವರನ್ನು ಕೂರಿಸಿ ಒಂದು ಚಮಚೆ ಬಿಳಿಯ ಗಂಜಿಯಂಥದ್ದನ್ನು ನುಂಗಲು ಹೇಳಿದರು. ಅದು ಹೊಟ್ಟೆಯ ದಾರಿಯನ್ನು ಬಿಟ್ಟು ಶ್ವಾಸಕೋಶದ ಕಡೆಗೆ ತಿರುಗಿದ್ದು ನನ್ನ ಕಣ್ಣಿಗೂ ಕಂಡಿತು. ನುಂಗುವುದನ್ನು ಕಲಿಸಲೆಂದೇ ಆಸ್ಪತ್ರೆಯಲ್ಲಿದ್ದ ತರುಣಿಯೊಬ್ಬಳು ಬಲು ಮೃದುವಾಗಿ ಹೇಳಿದಳು: ಇನ್ನು ಬಾಯಿಗೆ ಏನೂ ಬೇಡ, ನೀರು ಕೂಡ. ಎಷ್ಟು ದಿನ ಎಂದು ಅವರು ಕೇಳಿದರು. ಅವಳು ಉತ್ತರಿಸುವ ಮೊದಲು ನನ್ನ ಮುಖ ನೋಡಿದಳು. ಉತ್ತರ ಅದೇ ಆಗಿತ್ತು.

ಅಂದಿನಿಂದ ಹೊತ್ತು ಹೊತ್ತಿಗೆ ನಾನು ನಳಿಕೆಯ ಬಾಯಿಗೆ ದಪ್ಪ ಸಿರಿಂಜನ್ನು ಸಿಕ್ಕಿಸಿ, ಎತ್ತಿ ಹಿಡಿದು, ಡಬ್ಬಿಯಲ್ಲಿದ್ದುದನ್ನು ನಿಧಾನವಾಗಿ ಸುರಿಯುತ್ತಿದ್ದೆ. "ಗಾಡಿ ನಿಂತೋಯ್ತು, ಗ್ಯಾಸು ಹಾಕು," ಎಂದು ಅಂಗಿ ಎತ್ತಿ ಕೂರುತ್ತಿದ್ದರು. ನಕ್ಕಂತೆ ಮಾಡುತ್ತಿದ್ದೆ.

ಪ್ರವಾಸ ರದ್ದಾಯಿತೆಂದೇ ನಾನು ತಿಳಿದಿದ್ದೆ. ಅವರು ಡಾಕ್ಟರರ ಒಪ್ಪಿಗೆ ಪಡೆದೇ ಬಂದರು. ಭಾನುವಾರ ಮನೆಗೆ ಬಂದಿದ್ದ ಇಂಚರ ಕೇಳಿ ಕೆಂಪಾದಳು. ನಮ್ಮ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ; ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಸೀರಿಯಸ್ಲಿ, ಅಪ್ಪಾ? ಯು ಕಾಂಟ್ ಈವನ್ ಡ್ರಿಂಕ್ ವಾಟರ್!"

"ಕಣ್ಣಿಲ್ವಾ ನಂಗೆ? ಮೂಗಿಲ್ವಾ? ನಿಮ್ಮಮ್ಮ ತಿಂತಾಳೆ, ನಾನು ನೋಡ್ತೀನಿ."

"ದಟ್ಸ್ ವರ್ಸ್. ಅಮ್ಮಾ, ಟೆಲ್ ಹಿಮ್!"

ನಾನು ಹೇಳಲಿಲ್ಲ. ಚಿಕಿತ್ಸೆ ಶುರುವಾದಂದಿನಿಂದ ಅವರಿಗೆ ಬೇಡ ಬೇಡವೆಂದು ಹೇಳುವವರೇ ಎಲ್ಲರೂ ಆಗಿದ್ದರು. ಅವರು ಬೇಕು ಎಂದದ್ದು ಇದೊಂದನ್ನು.

ಮ್ಯಾಡ್ರಿಡ್‌ನ ದೊಡ್ಡ ಮ್ಯೂಸಿಯಮ್ಮಿನಲ್ಲಿ ರಾಜರಾಣಿಯರ ಚಿತ್ರಗಳ ಮುಂದೆ ಜನ ನೆರೆದಿದ್ದರು. ನನ್ನ ಗಂಡ ಅವನ್ನೆಲ್ಲ ಹಾಗೇ ದಾಟಿ, ಯಾರೂ ಇಲ್ಲದ ಒಂದು ಪಕ್ಕದ ಕೋಣೆಯಲ್ಲಿ ನಿಂತುಬಿಟ್ಟರು. ಅಲ್ಲಿದ್ದುದೆಲ್ಲ ಊಟದ ಚಿತ್ರಗಳು. ಮುರಿದ ರೊಟ್ಟಿ, ಬಿರಿದ ಅಂಜೂರ, ಮುಚ್ಚಳ ವಾರೆಯಾದ ಮಡಕೆ, ಕೊಯ್ದಿಟ್ಟ ಕರಬೂಜದ ಮೈಮೇಲೆ ಇನ್ನೂ ಆರದ ಹಸಿ. ಬರೆದವನೂ ಮಣ್ಣಾಗಿ, ಬರೆಸಿದವನೂ ಮಣ್ಣಾಗಿ, ಆ ಹಣ್ಣಿಗೆ ಬಾಯಿ ನೀರೂರಿಸಿಕೊಂಡವರೆಲ್ಲ ಹೋಗಿ ಶತಮಾನಗಳಾಗಿದ್ದರೂ ಹಣ್ಣು ಮಾತ್ರ ಕೊಯ್ದ ಗಳಿಗೆಯಲ್ಲಿಯೇ ನಿಂತಿತ್ತು. ತಿನ್ನುವವನು ಇಲ್ಲವಾಗಿ ತಿನಿಸು ಉಳಿಯುವುದು ಎಂಥ ಕ್ರೂರ ವಿನೋದ! ನಾನು ಹೀಗೆ ಮನಸ್ಸಿನಲ್ಲೇ ಕುದಿಯುತ್ತಿದ್ದರೆ ಅವರು ಒಣಗಿದ ಬಾಯಿಗೆ ಆಸ್ಪತ್ರೆಯವರು ಕೊಟ್ಟಿದ್ದ ಸಣ್ಣ ಬಾಟಲಿಯಿಂದ ತೇವ ಚಿಮುಕಿಸಿಕೊಂಡು, "ನನ್ನಂಥೋರಿಗೇ ಅಂತ ಮಾಡಿಟ್ಟಿರೋ ಊಟ ಕಣೆ ಇದು. ಯಾರೂ ತಿನ್ನಂಗಿಲ್ಲ. ಎಲ್ರೂ ಸಮ," ಎಂದರು.

ಮಧ್ಯಾಹ್ನಗಳೇ ಕಷ್ಟ. ಅವರು ಓದಿಟ್ಟುಕೊಂಡಿದ್ದ ಹೋಟೆಲುಗಳಿಗೇ ಹೋಗುತ್ತಿದ್ದೆವು. ಒಳಹೋಗುವ ಮುನ್ನ ಯಾವುದಾದರೂ ತೋಟದ ಬೆಂಚಿನ ಮೇಲೆ ಕೂತು ಶಾಲಿನ ಮರೆಯಲ್ಲಿ ಡಬ್ಬಿ ಸುರಿಯುತ್ತಿದ್ದೆ. ಒಳಗೆ ಅವರ ಮುಂದೆ ಖಾಲಿ ತಟ್ಟೆ, ನನ್ನ ಮುಂದೆ ತುಂಬಿದ ತಟ್ಟೆ. ಮೊದಲ ದಿನ ನಾನು ಚಮಚೆ ಎತ್ತಲಾರದೆ ಕೂತಾಗ ಅವರು ಸಿಟ್ಟಾದರು. "ನೀನೂ ತಿನ್ನಲ್ಲ ಅಂದ್ರೆ ಇಲ್ಲಿಗೆ ಯಾಕೆ ಬಂದ್ವಿ? ತಿನ್ನು. ತಿಂದು ಹೇಳು."

"ಚೆನ್ನಾಗಿದೆ, ರೀ."

"ಚೆನ್ನಾಗಿದೆ ಅಂದ್ರೆ? ಹುಳಿನಾ? ಒಗರಾ? ನಾಲಿಗೆ ಮುಂದಕ್ಕೆ ಹಿಡಿಯುತ್ತಾ, ಹಿಂದಕ್ಕಾ?"

ಚೆನ್ನಾಗಿದೆ ಎಂಬುದು ಎಷ್ಟು ಸೋಮಾರಿ ಮಾತೆಂದು ಆಗ ತಿಳಿಯಿತು. ಜೀವಮಾನವೆಲ್ಲ ಅದೊಂದರಲ್ಲೇ ಅಡುಗೆಗಳನ್ನೆಲ್ಲ ಹೊಗಳಿ ಮುಗಿಸಿದ್ದೆ. ಈಗ ಮಾತಿಗಾಗಿ ತಡಕಾಡಿದೆ. ಅಜ್ಜಿಯ ಬಾಯಲ್ಲಿ ಕೇಳಿದ್ದವೆಲ್ಲ ಒಂದೊಂದಾಗಿ ಬಂದವು. ಈ ಎಣ್ಣೆಯಲ್ಲಿ ಎಳೆಯ ಹುಲ್ಲಿನ ಘಾಟು. ಈ ಚೀಸು ಮೊದಲು ಸೌಳು, ಆಮೇಲೆ ಕಮಟು, ಕಡೆಗೆ ಸಿಹಿ. ಈ ಬೆಳ್ಳುಳ್ಳಿ ಸಾರು ಜ್ವರ ಬಿಟ್ಟ ದಿನದ ಅನ್ನದಷ್ಟು ಹಗುರ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ತುಟಿಗಳು ಸಣ್ಣಗೆ ಚಲಿಸುತ್ತಿದ್ದವು. ಉಪವಾಸವೆಂದರೆ ಹತ್ತಿರ ವಾಸಿಸುವುದಂತೆ, ಪ್ರವಾಸವೆಂದರೆ ದೂರ ವಾಸಿಸುವುದು. ಅವರದು ಎರಡೂ ಒಂದೇ ಮೇಜಿನ ಮೇಲೆ ನಡೆದಿತ್ತು: ಅನ್ನಕ್ಕೆ ಅಷ್ಟು ಹತ್ತಿರ, ಅನ್ನದಿಂದ ಅಷ್ಟು ದೂರ.

ಇನ್ನೊಂದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಊಟ ನಿಜಕ್ಕೂ ರುಚಿಯಾಗಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತೇ ಬ್ರೆಡ್ಡು ನುಂಗಿ ತಿಂಗಳುಗಳನ್ನು ತಳ್ಳಿದ್ದ ನನ್ನ ಮೈ, ಯಾರ ದುಃಖವನ್ನೂ ಕೇಳದೆ, ಹಸಿದ ದನದಂತೆ ಎದ್ದು ನಿಂತು ತಿಂದಿತು. ನನ್ನ ಕೆನ್ನೆ ತುಂಬುತ್ತ ಬಂತು. ಎದುರಿಗಿದ್ದ ಮುಖದ ಮೂಳೆ ಎದ್ದು ಕಾಣುತ್ತ ಬಂತು.

ಗ್ರನಾಡಾದಲ್ಲಿ ಬೆಟ್ಟದ ಮೇಲಿನ ಕೆಂಪು ಅರಮನೆಯನ್ನು ನೋಡಲು ಹೋದೆವು. ಅದನ್ನು ಕಟ್ಟಿದವರು ಮರುಭೂಮಿಯ ನೆನಪಿದ್ದ ಜನವಿರಬೇಕು. ಎಲ್ಲಿ ನೋಡಿದರೂ ನೀರು. ಮೆಟ್ಟಿಲ ಪಕ್ಕದ ಕೈಗೋಡೆಯ ಮೇಲೆ ನೀರು, ಅಂಗಳದ ನಡುವೆ ನೀರು, ಕೋಣೆಯ ನೆಲದಲ್ಲಿ ಕೊರೆದ ಗೆರೆಯಲ್ಲಿ ನೀರು. ಅವರು ಒಂದು ಕಾರಂಜಿಯ ಅಂಚಿಗೆ ಕೂತು ಅಂಗೈಯನ್ನು ಮುಳುಗಿಸಿ, ಒದ್ದೆ ಕೈಯನ್ನು ಕೊರಳಿಗೆ ಒತ್ತಿಕೊಂಡರು. "ಒಂದೇ ಒಂದು ಗುಟುಕು..." ಎಂದು ಶುರು ಮಾಡಿ ಸುಮ್ಮನಾದರು. ನಾನೂ ಸುಮ್ಮನಿದ್ದೆ. ನೀರು ಮಾತ್ರ ಸುಮ್ಮನಿರಲಿಲ್ಲ.

ಅಂದಿನ ಮಧ್ಯಾಹ್ನವೇ ಅದು ಆದದ್ದು. ಇಳಿಜಾರು ಓಣಿಯ ಸಣ್ಣ ಹೋಟೆಲಿನಲ್ಲಿ ಕುರಿಮರಿಯ ಮಾಂಸವನ್ನು ಬಹಳ ಹೊತ್ತು ಬೇಯಿಸಿ ಮಾಡಿದ ಸಾರು ತಂದಿಟ್ಟರು. ಮೊದಲ ಚಮಚೆಗೇ ನನ್ನ ಬಾಯಿಂದ, "ಅಯ್ಯೋ, ನಿಮ್ಮೂರ ಮರಿ ಸಾರೇ, ರೀ! ಚಕ್ಕೆ ಲವಂಗ ಎಲ್ಲಾ ಹಂಗೇ ಇದೆ," ಎಂದು ಬಂದುಬಿಟ್ಟಿತು. ಅವರು ಕಣ್ಣು ತೆರೆದರು. ನನ್ನ ಬಾಯನ್ನೇ ನೋಡಿದರು. ಹಾಗೆ ನನ್ನನ್ನು ಅವರು ಎಂದೂ ನೋಡಿರಲಿಲ್ಲ. ಕುರ್ಚಿ ತಳ್ಳಿ ಎದ್ದು ಹೊರಗೆ ಹೋದರು.

ಬಿಲ್ಲು ಕೊಟ್ಟು ಓಡಿದೆ. ಚೌಕದ ಕಲ್ಲಿನ ಕಟ್ಟೆಯ ಮೇಲೆ ಮಂಡಿಗೆ ಮೊಣಕೈ ಊರಿ ಕೂತಿದ್ದರು. ಸುತ್ತಲೂ ಮೇಜುಗಳು, ಮೇಜುಗಳ ಸುತ್ತ ತಿನ್ನುವ ಜನ. ಪಕ್ಕದಲ್ಲಿ ಕೂತೆ.

"ನೋವಾಯ್ತಾ, ರೀ?"

"ಹೊಟ್ಟೆಕಿಚ್ಚು ಕಣೆ," ಎಂದರು. "ಕ್ಯಾನ್ಸರ್ ಬಂದಾಗ ಸಿಟ್ಟು ಬರ್ಲಿಲ್ಲ ನಂಗೆ. ಇವತ್ತು ನಿನ್ನ ಮೇಲೆ ಬಂತು. ಆ ತಟ್ಟೆ ಎತ್ತಿ ಎಸೆದ್ಬುಡೋಣ ಅನ್ನಿಸ್ತು."

ಹೊಟ್ಟೆಯ ಕಿಚ್ಚು. ಕನ್ನಡದ ಆ ಮಾತನ್ನು ಎಷ್ಟು ಸಲ ಹಗುರವಾಗಿ ಆಡಿದ್ದೇನೆ, ಪಕ್ಕದ ಮನೆಯವರ ಹೊಸ ಕಾರಿನ ವಿಷಯಕ್ಕೆಲ್ಲ! ಅಂಗಿಯ ಕೆಳಗೆ ನಳಿಕೆ ಚುಚ್ಚಿದ ಹೊಟ್ಟೆಯೊಂದು ನನ್ನ ಪಕ್ಕದಲ್ಲಿ ಉರಿಯುತ್ತಿತ್ತು, ಮತ್ತು ಅದಕ್ಕೆ ಕಾರಣ ನಾನಾಗಿದ್ದೆ. "ನಾಳೆಯಿಂದ ಹೋಟೆಲು ಬೇಡ. ನಾನೂ ಏನೋ ಒಂದು ರೂಮಲ್ಲೇ ತಿಂತೀನಿ," ಎಂದೆ.

ಅವರು ಒಡಕು ದನಿಯಲ್ಲಿ, "ಬ್ಯಾಡ. ಹೋಗೋಣ. ಹೊಟ್ಟೆಕಿಚ್ಚಾದ್ರೂ ಪಡ್ತೀನಿ. ಅದೂ ಇಲ್ದೆ ಹೋದ್ರೆ ನನ್ನೊಳಗೆ ಇನ್ನೇನು ಉಳಿತು ಹೇಳು," ಎಂದರು.

ನಾವು ಮತ್ತೆ ಹೋಟೆಲುಗಳಿಗೆ ಹೋದೆವು. ಅವರು ಕಣ್ಣು ಮುಚ್ಚಲಿಲ್ಲ, ಪ್ರಶ್ನೆ ಕೇಳಲಿಲ್ಲ. ನಾನು ತಿನ್ನುವುದನ್ನು ಬಿಡುಗಣ್ಣಿನಿಂದ ನೋಡುತ್ತಿದ್ದರು. ಆ ನೋಟದ ಮುಂದೆ ತಿನ್ನುವುದಕ್ಕಿಂತ ಕಠಿಣವಾದದ್ದನ್ನು ನಾನು ಮಾಡಿಲ್ಲ. ಆದರೂ ತಿಂದೆ; ಅವರಿಗೆ ಬೇಕಾಗಿದ್ದುದು ನನ್ನ ಕನಿಕರವಲ್ಲ ಎಂದು ಕಟ್ಟೆಯ ಮೇಲೆ ನನಗೆ ಅರ್ಥವಾಗಿತ್ತು. ಕನಿಕರ ಪಡುವವರು ಊರಲ್ಲಿ ಬೇಕಾದಷ್ಟಿದ್ದರು. ಜೊತೆಗೆ ಕೂತು ಅಸೂಯೆ ಪಡಬಹುದಾದ ಒಬ್ಬಳು ಬೇಕಿದ್ದಳು.

ವಾಲ್ನಟ್ ಕ್ರೀಕಿಗೆ ಮರಳಿದ ಮೇಲೆ ಮಾಡಿಸಿದ ಸ್ಕ್ಯಾನಿನಲ್ಲಿ ಕಾಯಿಲೆ ಶ್ವಾಸಕೋಶಕ್ಕೂ ಹಬ್ಬಿದ್ದು ಕಂಡಿತು. ಇಂಚರ ತರಗತಿಗಳನ್ನು ಬಿಟ್ಟು ಮನೆಗೆ ಬಂದಳು. ಬೆಟ್ಟಗಳು ಹಸುರಾಗುವ ಚಳಿಗಾಲದ ಮಳೆಯ ಹೊತ್ತಿಗೆ ಅವರು ಹಾಸಿಗೆಯಿಂದ ಏಳದಾದರು. ಮನೆಗೆ ಬರುತ್ತಿದ್ದ ನರ್ಸು ನನ್ನನ್ನು ಬಾಗಿಲ ಬಳಿ ನಿಲ್ಲಿಸಿ, ಮೈ ಇನ್ನು ಆಹಾರವನ್ನು ತಾಳುವುದಿಲ್ಲ, ನಿಲ್ಲಿಸುವುದು ಯಾವಾಗ ಎಂಬುದನ್ನು ಅವರಿಗೇ ಬಿಡಿ ಎಂದಳು. ನಾನು ಬಿಡಲಿಲ್ಲ. ಸ್ವಲ್ಪ ಸ್ವಲ್ಪವಾದರೂ ಸುರಿಯುತ್ತಲೇ ಇದ್ದೆ.

ಒಂದು ಮಧ್ಯಾಹ್ನ ಸಿರಿಂಜು ಹಿಡಿದು ಬಗ್ಗಿದಾಗ ಅವರು ನಳಿಕೆಯ ಮೇಲೆ ಅಂಗೈಯನ್ನು ಅಡ್ಡ ಹಿಡಿದರು. ಪಂಕ್ತಿಯಲ್ಲಿ ಬಡಿಸುವವನು ಮತ್ತೆ ಬಂದಾಗ ಎಲೆಯ ಮೇಲೆ ಕೈ ಚಾಚಿ ತಡೆಯುತ್ತೇವಲ್ಲ, ಥೇಟು ಹಾಗೆಯೇ. ಬಡಿಸುವವರ ಮಾತೇ ನನ್ನ ಬಾಯಿಗೂ ಬಂತು.

"ಒಂಚೂರು, ರೀ. ಒಂದೇ ಒಂಚೂರು ಹಾಕ್ತೀನಿ."

"ಸಾಕು ಕಣೆ," ಎಂದರು. "ಹೊಟ್ಟೆ ತುಂಬ್ತು."

ನನ್ನ ಕೈ ಇಳಿಯಲಿಲ್ಲ. ಅವರ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಇಂಚರ ತಲೆ ಎತ್ತಿ, ತಡವರಿಸುತ್ತ, ಕನ್ನಡದಲ್ಲಿ ಹೇಳಿದಳು: "ಅಮ್ಮಾ, ಬಲವಂತ ಮಾಡ್ಬೇಡ."

ಅಡುಗೆಮನೆಗೆ ಹೋದೆ. ತೆರೆದಿದ್ದ ಡಬ್ಬಿಯನ್ನು ಸಿಂಕಿಗೆ ಸುರಿದೆ. ಸಿರಿಂಜನ್ನು ಬಿಸಿನೀರಿನಲ್ಲಿ ತೊಳೆದು, ಒದರಿ, ನೀರಿಳಿಯಲೆಂದು ಬಟ್ಟೆಯ ಮೇಲೆ ಬೋರಲು ಹಾಕಿದೆ, ಸಂಜೆಗೆ ಮತ್ತೆ ಬೇಕಾಗುತ್ತದೆ ಎಂಬ ಹಾಗೆ.