ಡಾಬಿ ಕೂರುವಷ್ಟು ಜಾಗ

ಎಂಬತ್ತರ ದಶಕದ ಮೊದಲಲ್ಲಿ ನಾನು ಬಾಗಲಕೋಟೆಯ ತಾಂತ್ರಿಕ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಒಂದು ದಿನ ಇಳಕಲ್ಲಿನ ನೇಕಾರರು ಹುಡುಕಿಕೊಂಡು ಬಂದರು. ಸೀರೆಯ ಅಂಚಿನ ವಿನ್ಯಾಸಕ್ಕೆ ದಾರ ಎತ್ತಿಕೊಡುವ ಡಾಬಿ ಎಂಬ ಪೆಟ್ಟಿಗೆಯನ್ನು ಊರೂರಿನ ಬಡಿಗರು ತಮಗೆ ತೋಚಿದಂತೆ ಮಾಡುತ್ತಿದ್ದರು. ಒಬ್ಬರು ಮಾಡಿದ್ದು ಇನ್ನೊಬ್ಬರ ಮಗ್ಗಕ್ಕೆ ಕೂರುತ್ತಿರಲಿಲ್ಲ. ಕೆಟ್ಟರೆ, ಮಾಡಿದವನೇ ಬರುವವರೆಗೆ ನೇಯ್ಗೆ ನಿಂತಿರಬೇಕು. ಎಲ್ಲರಿಗೂ ಹೊಂದುವ ಅಳತೆ ಬರೆದುಕೊಡಿ ಎಂದರು.

ನಾನು ಆಗಷ್ಟೇ ಕೆಲಸಕ್ಕೆ ಸೇರಿದವಳು, ಹುಮ್ಮಸ್ಸು ಹೆಚ್ಚು. ಡಾಬಿಯಷ್ಟೇ ಏಕೆಂದು ಇಡೀ ಮಗ್ಗದ್ದೇ ಬರೆದೆ: ನೇಕಾರ ಕಾಲಿಳಿಬಿಡುವ ಕುಣಿಯ ಆಳ, ಕಂಬದ ದಪ್ಪ, ಕಟ್ಟಿಗೆಯ ಜಾತಿ. ನಕ್ಷೆಗಳ ಸುರುಳಿ ಹಿಡಿದು ಬಸ್ಸು ಹತ್ತಿದಾಗ ಕಂಡಕ್ಟರು, "ಅಕ್ಕಾರ, ಇದಕ್ಕೂ ಒಂದು ಟಿಕೀಟ್ ತಗೀರಿ" ಎಂದು ನಕ್ಕ.

ಹುನಗುಂದದಲ್ಲಿ ಬಡಿಗರೂ ನೇಕಾರರೂ ಸೇರಿದ್ದರು. ಮೊದಲ ಹಾಳೆ ಓದುತ್ತಿದ್ದಂತೆ ಗದ್ದಲ ಶುರುವಾಯಿತು.

"ಕುಣಿ ಎಷ್ಟು ಆಳ ಇರಬೇಕಂತ ಕಾಗದ ಹೇಳತೈತೇನ್ರಿ? ನನ್ನ ಕಾಲು ಉದ್ದ ಅದಾವ!" ಎಂದ ಒಬ್ಬ ನೇಕಾರ.

"ಸಾಗವಾನಿ ಎಲ್ಲಿಂದ ತರೂಣ್ರಿ? ನಮ್ಮ ಕಡೆ ಜಾಲಿನ ಸಿಗೂದು," ಎಂದ ಬಾದಾಮಿಯ ಬಡಿಗ.

ಚಹಾ ಮತ್ತೆ ಮತ್ತೆ ಬಂತು. ಎರಡನೆಯ ಹಾಳೆಗೆ ನಾವು ಹೋಗಲೇ ಇಲ್ಲ. ನನಗೆ ಅಳುವೊಂದೇ ಬಾಕಿ. ಕೊನೆಗೆ ಸುರುಳಿ ಮಡಚಿಟ್ಟು ಕೇಳಿದೆ: "ಡಾಬಿ ಮಗ್ಗಕ್ಕ ತಾಗೂ ಜಾಗದ್ದು ಅಷ್ಟ ಗೊತ್ತು ಮಾಡೂಣು. ಅದಕ್ಕ ಯಾರದರೆ ತಕರಾರು ಐತೇನ್ರಿ?"

ಇಲ್ಲವೆಂದು ಎಲ್ಲರೂ ತಲೆಯಾಡಿಸಿದರು. ನನಗೆ ಎದೆ ಹಗುರಾಯಿತು. ಬೋಲ್ಟಿನ ತೂತುಗಳ ನಡುವಿನ ಅಂತರ, ಹಗ್ಗ ಕಟ್ಟುವ ಸನ್ನೆಕೋಲಿನ ಎತ್ತರ, ಇವಿಷ್ಟೇ ಒಂದು ಹಾಳೆಗೆ ಇಳಿದವು.

"ಹಂಗಾರ ಪೆಟಗಿ ಒಳಗಿಂದು ನನ್ನ ಮರ್ಜಿ?" ಬಾದಾಮಿಯ ಬಡಿಗ ಕೇಳಿದ.

"ಪೂರಾ ನಿಮ್ಮ ಮರ್ಜಿರಿ."

ಅವನೇ ಮೊದಲು ಡಾಬಿ ಮಾಡಿಕೊಂಡು ಇಳಕಲ್ಲಿಗೆ ಬಂದ. ಅಲ್ಲಿ ಗಟ್ಟಿಗಿತ್ತಿ ನೇಕಾರ್ತಿಯೊಬ್ಬಳ ಮನೆಯಲ್ಲಿ ಪರೀಕ್ಷೆ; ಆಕೆ ತನ್ನ ಮಗ್ಗಕ್ಕೆ ಅದೇ ಹಾಳೆಯ ಅಳತೆಗೆ ತೂತು ಕೊರೆಸಿದ್ದಳು. ಬೋಲ್ಟುಗಳು ಸಲೀಸಾಗಿ ಇಳಿದವು, ಒಂದು ಮಾತ್ರ ಬಿಗಿಯಾಯಿತು. ಅವನು ಸುತ್ತಿಗೆ ಎತ್ತಿದ.

"ಏ, ಹೊಡೀಬ್ಯಾಡ್ರಿ! ಮಗ್ಗ ನಂದೈತಿ," ಎನ್ನುತ್ತ ಆಕೆ ಒಳಗಿನಿಂದ ಕೊಬ್ಬರಿ ಎಣ್ಣೆ ತಂದಳು. ಎರಡು ಹನಿ ಬಿಟ್ಟದ್ದೇ ಬೋಲ್ಟು ಸರ್ರನೆ ಇಳಿಯಿತು. ಆಕೆ ಕುಣಿಗಿಳಿದು ಕಾಲುಹಲಗೆ ತುಳಿದಾಗ ದಾರಗಳು ಒಟ್ಟಿಗೆ ಎದ್ದವು. ಮನೆಮಂದಿಯೆಲ್ಲ ಹೋ ಎಂದರು, ನಾನೂ ಕೂಗಿದೆನಂತೆ.

ಮುಂದಿನ ವರ್ಷ ಬಡಿಗರೇ ಬಂದು, ಲಾಳಿ ಓಡುವ ಹಲಗೆಗೂ ಅಳತೆ ಬೇಕೆಂದರು. ಡಾಬಿಯ ಹಾಳೆಯಲ್ಲಿ ಒಂದಕ್ಷರವನ್ನೂ ಮುಟ್ಟದೆ ಅದಕ್ಕೆ ಬೇರೆಯೇ ಹಾಳೆ ಬರೆದೆ. ಈ ಸಲ ಹುನಗುಂದದ ಸಭೆ ಊಟದ ಹೊತ್ತಿಗೇ ಮುಗಿಯಿತು. ರೊಟ್ಟಿ, ಶೇಂಗಾ ಹಿಂಡಿ ತಿಂದು, ಬಿಸಿಲಿರುವಾಗಲೇ ಬಾಗಲಕೋಟೆಯ ಬಸ್ಸು ಹಿಡಿದೆ.