ಹರಕೆಯ ಕುರಿಯ ಕೊರಳ ಕುಣಿಕೆ

ಕುಣಿಕೆಗಳಲ್ಲಿ ಎರಡೇ ಜಾತಿ ಎಂದು ನಂಬಿದ್ದೆ. ಎಳೆದರೆ ಬಿಗಿಯುವುದು ಜೀರುಗುಣಿಕೆ. ಅದು ಕಟ್ಟಿಗೆಯ ಹೊರೆಗೆ. ಎಷ್ಟು ಎಳೆದರೂ ಹಾಕಿದಷ್ಟೇ ಅಗಲ ಉಳಿಯುವುದು ನಿಂತ ಕುಣಿಕೆ. ಅದು ಜೀವ ಇರುವುದರ ಕೊರಳಿಗೆ. ಕರಜಗಿ ಹತ್ತಿರದ ನಮ್ಮ ಮನೆಗೆ ಬಂದ ಸೊಸೆಯರಿಗೆ ಅತ್ತೆ ಇದನ್ನೇ ಮೊದಲು ಕಲಿಸಿದ್ದರು. ಗಂಟು ನೋಡಿ ಕಟ್ಟಿದವರ ಮನಸ್ಸನ್ನೂ ಹೇಳಬಲ್ಲೆ ಎಂಬ ಜಂಬ ನನಗಿತ್ತು.

ಹೋದ ವರ್ಷ ನನ್ನ ಮಗಳ ಜ್ವರ ಇಳಿದದ್ದಕ್ಕೆ ಬೀರೋಬಾ ದೇವರಿಗೆಂದು ಒಂದು ಕುರಿ ಬಿಟ್ಟಿದ್ದೆವು. ಒಂದು ಬೆಳಿಗ್ಗೆ ಅದು ನಾಲಿಗೆ ಹೊರಹಾಕಿ ಬಿದ್ದಿತ್ತು. ಕೊರಳ ಕುಣಿಕೆ ಜೀರಿ ಉಣ್ಣೆಯೊಳಗೆ ಹೂತುಹೋಗಿತ್ತು. ಕುಡುಗೋಲಿನಿಂದ ಹಗ್ಗ ಕೊಯ್ದ ಮೇಲೆ ಉಸಿರು ತಿರುಗಿತು. ಹಿಂದಿನ ಸಂಜೆ ಅದನ್ನು, ನನ್ನ ಗಂಡ ಸೋಲಾಪುರದಿಂದ ಆಗಷ್ಟೇ ತಂದ ನೈಲಾನ್ ಹಗ್ಗದಿಂದ ಕಟ್ಟಿದವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ವಳಸಂಗದಿಂದ ಬಂದವಳು. ಅವಳಿಗೆ ಮಕ್ಕಳಿರಲಿಲ್ಲ.

ನನ್ನ ಮಗಳ ಹರಕೆಯ ಕುರಿಗೇ ಜೀರುಗುಣಿಕೆ ಬಿದ್ದಿದ್ದು ಕೈತಪ್ಪು ಅನ್ನಿಸಲಿಲ್ಲ, ಹೊಟ್ಟೆಕಿಚ್ಚು ಅನ್ನಿಸಿತು. ಅಂದಿನಿಂದ ಮಗಳ ಊಟದ ತಾಟು ಅವಳ ಕೈಗೆ ಕೊಡಲಿಲ್ಲ, ಜಡೆ ಹಾಕಲೂ ಬಿಡಲಿಲ್ಲ. ಅವಳು ನಕ್ಕರೂ ಸಂಶಯ, ಸುಮ್ಮನಿದ್ದರೂ ಸಂಶಯ.

ಒಂದು ಮಧ್ಯಾಹ್ನ ಅವಳು ಎರಡು ಹಗ್ಗ ತಂದು ನನ್ನ ಮುಂದೆ ಕೂತಳು: ಸವೆದ ಉಣ್ಣೆಯದು, ಕೊಯ್ದು ಉಳಿದ ನೈಲಾನಿನದು. ಅತ್ತೆ ಕಲಿಸಿದ ಅದೇ ನಿಂತ ಕುಣಿಕೆಯ ಗಂಟನ್ನು ಎರಡಕ್ಕೂ ಹಾಕಿದಳು. ಕಣ್ಣು ಕೀಳದೆ ನೋಡಿದೆ, ಮೋಸ ಕಾಣಲಿಲ್ಲ. ಒಂದೊಂದರಲ್ಲಿ ಒಂದೊಂದು ಕೈ ತೂರಿಸಿ, "ಎರಡೂ ಜಗ್ಗರಿ ಅಕ್ಕಾರ" ಅಂದಳು.

ಜಗ್ಗಿದೆ. ಉಣ್ಣೆ ಉಣ್ಣೆಯನ್ನು ಕಚ್ಚಿಕೊಂಡು ಅಲ್ಲೇ ನಿಂತಿತು. ನೈಲಾನು ಸರ್ರನೆ ಜಾರಿ ಅವಳ ಮಣಿಕಟ್ಟನ್ನು ಹಿಂಡಿತು. ಅತ್ತೆಯ ಕುಣಿಕೆ ಇಷ್ಟು ವರ್ಷ ನಿಂತದ್ದು ಗಂಟಿನ ಬಲದಿಂದಲ್ಲ, ಉಣ್ಣೆಯ ಒರಟಿನಿಂದ. ಆ ಸಂಜೆ ಯಾರು ಕಟ್ಟಿದ್ದರೂ ಕುರಿ ಹಾಗೇ ಬೀಳುತ್ತಿತ್ತು.

ನಾಚಿಕೆಯಿಂದ ಗಂಟು ಬಿಚ್ಚಲು ಹೋದೆ. ಅವಳು ಕೈ ಹಿಂದಕ್ಕೆಳೆದುಕೊಂಡು ತಾನೇ ಬಿಚ್ಚಿಕೊಂಡಳು. ಮಗಳನ್ನು ಕರೆದು, ಕಾಕಿಯ ಹತ್ತಿರ ಜಡೆ ಹಾಕಿಸಿಕೋ ಅಂದೆ. ಹುಡುಗಿ ಓಡಿಬಂದು ಅವಳ ಮುಂದೆ ಕೂತಿತು.

ಕೆಂಪು ಗೆರೆ ಮೂಡಿದ ಕೈಯಿಂದಲೇ ಅವಳು ನಿಧಾನವಾಗಿ ಹೆಣೆದಳು. ಕೊನೆಗೆ ರಿಬ್ಬನ್ ಕಟ್ಟಿ ಜಡೆಯ ತುದಿಯನ್ನು ನನ್ನ ಕಡೆ ಚಾಚಿದಳು.

"ಗಂಟು ನೋಡ್ಕೋರಿ ಅಕ್ಕಾರ," ಅಂದಳು.