ಅಂಚು ಹಿಡಿದ ಕೈ

ನಮ್ಮ ಮಾವನವರ ನಾಣ್ಯಗಳನ್ನು ನೋಡಲು ಬರುತ್ತಿದ್ದವರು ನನ್ನ ಮುಖ ನೋಡಿದ್ದು ಕಡಿಮೆ. ನನ್ನ ಬಲಗೈಯ ಎರಡು ಬೆರಳುಗಳು ಮಾತ್ರ ಅವರಿಗೆ ಚೆನ್ನಾಗಿ ಪರಿಚಯ.

ನಮ್ಮ ಮನೆ ಬೀದರಿನ ಹಳೆಯ ಊರಿನಲ್ಲಿ. ಮಾವನವರು ಮೂಲತಃ ಔರಾದ ಕಡೆಯವರು. ಬಸ್ ಡಿಪೋದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರಿಗೆ ಒಂದೇ ಹುಚ್ಚು, ಬೆಳ್ಳಿ ನಾಣ್ಯದ್ದು. ಅದರಲ್ಲೂ ಬಣ್ಣ ಕಟ್ಟಿದ ನಾಣ್ಯದ್ದು. ತಿಕ್ಕದೆ, ತೊಳೆಯದೆ ಮುಚ್ಚಿಟ್ಟ ಬೆಳ್ಳಿ ಕಾಲಾಂತರದಲ್ಲಿ ಕಪ್ಪಾಗುತ್ತದೆ. ಅದು ಹೆಂಗಸರಿಗೆಲ್ಲ ಗೊತ್ತು. ಆದರೆ ಎಲ್ಲೋ ಒಂದು ನಾಣ್ಯ ಕಪ್ಪಾಗುವ ಬದಲು ಬಣ್ಣ ಕಟ್ಟುತ್ತದೆ. ಮಾವನವರ ಹತ್ತಿರ ನಿಜಾಮರ ಕಾಲದ ಒಂದು ಚಾರ್ಮಿನಾರ್ ರೂಪಾಯಿ ಇತ್ತು. ಅಂಚಿಗೆ ನೇರಳೆ, ಅದರೊಳಗೆ ನೀಲಿ, ನಡುವೆ ತೆಳು ಜೇನಿನ ಬಣ್ಣ. ನೇರವಾಗಿ ಹಿಡಿದರೆ ಬರೀ ಕೊಳೆ. ಕಿಟಕಿಯ ಬೆಳಕಿಗೆ ಸ್ವಲ್ಪ ಓರೆ ಮಾಡಿದರೆ ಆ ಬಣ್ಣಗಳೆಲ್ಲ ಎದ್ದು ಬರುತ್ತಿದ್ದವು.

ಮದುವೆಯಾಗಿ ಬಂದ ಹೊಸತರಲ್ಲಿ ಅದನ್ನು ಕಂಡು, "ಹುಣಸಿಹಣ್ಣು ಹಚ್ಚಿ ತಿಕ್ಕಿ ಕೊಡ್ಲೇನ್ರಿ?" ಎಂದು ಕೇಳಿದ್ದೆ. ಭಾಲ್ಕಿಯಿಂದ ಬರುತ್ತಿದ್ದ ನಿವೃತ್ತ ಮಾಸ್ತರರೊಬ್ಬರು, ಮನೆಯಲ್ಲಿ ಎಲ್ಲರೂ ಅವರನ್ನು ಗುರೂಜಿ ಎನ್ನುತ್ತಿದ್ದರು, ಚಹಾದ ಬಟ್ಟಲು ಕೆಳಗಿಟ್ಟು ನಕ್ಕರು. ಅಂದಿನಿಂದ ಅವರ ಬಾಯಲ್ಲಿ ನಾನು ಹುಣಸಿಹಣ್ಣಿನ ಸೊಸಿ.

ಮಾವನವರ ಕೈಗೆ ನಡುಕ ಬಂದದ್ದು ಆಮೇಲೆ. ಒಂದು ಸಲ ಬೇರೊಂದು ನಾಣ್ಯ ಜಾರಿ, ಹಿಡಿಯಲು ಹೋದ ಹೆಬ್ಬೆರಳು ಅದರ ಮೈಮೇಲೆ ಕೂತಿತು. ಆ ಹೆಬ್ಬೆರಳಿನ ಗುರುತು ಆ ನಾಣ್ಯದ ಮೇಲೆ ಹಾಗೇ ಉಳಿಯಿತು. ಅವತ್ತು ಅವರು ಊಟ ಮಾಡಲಿಲ್ಲ. ಮರುದಿನ ನನ್ನನ್ನು ಕರೆದು, "ಅವ್ವಾ, ನಿನ್ನ ಕೈ ಗಟ್ಟಿ ಅದ. ಅಂಚು ಹಿಡಿ. ಮೈ ಮುಟ್ಟಬ್ಯಾಡ," ಎಂದು ಕಲಿಸಿದರು. ಅಲ್ಲಿಂದ ನಾನು ಅವರ ಕೈಯಾದೆ. ನಾಣ್ಯ ನೋಡುವ ದಿನ ತಲೆಗೆ ಎಣ್ಣೆ ಹಚ್ಚುವಂತಿಲ್ಲ, ಉಳ್ಳಾಗಡ್ಡಿ ಹೆಚ್ಚುವಂತಿಲ್ಲ, ಅರಿಷಿಣ ಮುಟ್ಟುವಂತಿಲ್ಲ. ಕೈ ತೊಳೆದು, ಒರೆಸಿ, ಒಣಗಿಸಿ ಕಿಟಕಿಯ ಪಕ್ಕ ನಿಲ್ಲಬೇಕು.

ಕೈ ತೊಳೆಯುವುದೇ ಕಷ್ಟವಾದ ವರ್ಷಗಳು ಬಂದವು. ಮಳೆ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಬಾವಿಯ ತಳದ ಕಲ್ಲು ಕಂಡಿತು. ಟ್ಯಾಂಕರ್ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ, ಕೊಡಗಳನ್ನು ಮಾತ್ರ ಬೆಳಗ್ಗೆಯೇ ಸಾಲಿನಲ್ಲಿ ಇಟ್ಟು ಬರುತ್ತಿದ್ದೆವು. ದೇವರಿಗೆ ಒಂದು ಉದ್ಧರಣೆ ನೀರಿನಲ್ಲಿ ಅಭಿಷೇಕ ಮಾಡಿ, ಅದನ್ನೇ ತುಳಸಿಗೆ ಹಾಕುತ್ತಿದ್ದೆ. ಆ ಗಿಡ ಒಣಗಲಿಲ್ಲ. ಅದೂ ಶಿವನ ಕೃಪೆಯೆಂದೇ ಇಟ್ಟುಕೊಂಡಿದ್ದೇನೆ. ಬಸ್ ನಿಲ್ದಾಣದಲ್ಲಿ ಔರಾದ ಕಡೆಯವರು ಗಂಟುಮೂಟೆ, ಪಾತ್ರೆಪಡಗದೊಂದಿಗೆ ಹೈದರಾಬಾದ್ ಬಸ್ಸಿಗೆ ಕಾದು ಕೂತಿರುತ್ತಿದ್ದರು.

ನನ್ನ ಗಂಡ ಬೀದರಿನ ಪಕ್ಕದ ಕೊಳಾರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನೀರಿಲ್ಲದೆ ಕಾರ್ಖಾನೆ ನಿಂತಿತು. ಅವರೂ ಹೈದರಾಬಾದಿಗೆ ಹೋದರು. ಮೊದಲ ಬೇಸಿಗೆ ಹತ್ತಾರು ಜನರ ಜೊತೆ ಒಂದು ಶೆಡ್ಡಿನಲ್ಲಿ ಮಲಗಿದರು. ಎರಡನೆಯ ಬೇಸಿಗೆಗೆ ಬಾಡಿಗೆಗೆ ಒಂದು ಖೋಲಿ ಸಿಕ್ಕಿತು. ಆದರೆ ಮನೆಯೊಡತಿ ಸಂಸಾರಸ್ಥರಿಗೆ ಮಾತ್ರ ಕೊಡುವವಳು. ಹೆಂಡತಿ ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಎಂದು ಇವರು ದಿನ ತಳ್ಳುತ್ತಿದ್ದರು.

"ಅಮಾಸಿತನ ನೋಡ್ತಾಳಂತ," ಎಂದರು ಫೋನಿನಲ್ಲಿ. "ಆಮ್ಯಾಲ ಖೋಲಿ ಬ್ಯಾರೆಯವ್ರಿಗೆ. ನಾ ಮತ್ತ ಶೆಡ್ಡಿಗೆ. ಇಲ್ಲಿ ನಳದಾಗ ನೀರು ಬರ್ತದ, ಗೊತ್ತೇನು? ನೀ ಎಷ್ಟು ಸಲ ಬೇಕಾದ್ರೂ ಕೈ ತೊಳ್ಕೊ."

"ನಿಮ್ಮ ಅಪ್ಪಾರಿಗೆ ನೀವೇ ಹೇಳ್ರಿ."

"ನಾ ಹ್ಯಾಂಗ ಹೇಳ್ಲಿ? ನೀನೇ ಕೇಳು."

ಕೇಳಿದೆ. ಮಾವನವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಸುಲಭವಾಗುತ್ತಿತ್ತು. ತಮ್ಮ ಕೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡು, "ಹೋಗವ್ವಾ, ಬ್ಯಾಡ ಅನ್ನಂಗಿಲ್ಲ. ಆದ್ರ ಆ ಕೈ ನೀ ತಗೊಂಡು ಹೋದ್ರ ನಾ ಏನು ನೋಡ್ಲಿ?" ಎಂದರು. ನಾನು ಅಡುಗೆಮನೆಗೆ ಹೋಗಿ ಒಲೆ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಅಮಾವಾಸ್ಯೆಗೆ ಮುಂಚಿನ ಭಾನುವಾರ ಗುರೂಜಿ ಬಂದರು. ಜೊತೆಗೆ ಬೀದರಿನವರೇ ಆದ ಒಬ್ಬ ಸರಾಫರು, ಬೆಳ್ಳಿ ಬಂಗಾರದ ವ್ಯಾಪಾರಿ. ನಾನು ಕಿಟಕಿಯ ಪಕ್ಕ ಚಾರ್ಮಿನಾರ್ ರೂಪಾಯಿ ಹಿಡಿದು ನಿಂತೆ.

"ಪಾರಿವಾಳದ ಕೊರಳ ಇದ್ದಂಗ ಅದ ನೋಡ್ರಿ," ಎಂದರು ಗುರೂಜಿ.

"ನಮ್ಮೂರ ಬಿದರಿ ಕೆಲಸದವ್ರು ಬೆಳ್ಳಿ ಬೆಳ್ಳಗ ಇರ್ಲಿ ಅಂತ ಜೀವ ತೇಯ್ತಾರ. ನೀವು ಕೊಳಿ ಕಂಡು ಕುಣೀತೀರಿ," ಎಂದು ಸರಾಫರು ನಕ್ಕರು. ಆದರೆ ಅವರೂ ಕಣ್ಣು ಕೀಳಲಿಲ್ಲ.

"ಕುಣಿಯೋದು ಇನ್ನಾ ಮುಂದ ಅದ," ಎಂದರು ಗುರೂಜಿ. " ಭಾಲ್ಕ್ಯಾಗ ಬರೋ ತಿಂಗಳ ಪ್ರದರ್ಶನ ಇಟ್ಟೀವಿ. ಮದುವಿ ಹಾಲ್ ಮಾತಾಡೇನಿ. ಈ ರೂಪಾಯಿಗೆ ನಡುವಿನ ಮೇಜು. ಹುಣಸಿಹಣ್ಣಿನ ಸೊಸಿ ಹಿಡ್ಕೊಂಡು ನಿಲ್ತಾಳ."

ಮಾವನವರ ಮುಖ ಅರಳಿದ್ದನ್ನು ನೋಡಿದೆ. ಬರುವ ತಿಂಗಳು ಎಂದರೆ ಖೋಲಿ ಹೋದಂತೆಯೇ. ಅವರು ನನ್ನ ಕಡೆ ತಿರುಗಿ, "ಅದೊಂದು ಆಗ್ಲಿ ಅವ್ವಾ, ಆಮ್ಯಾಲ ಹೋಗುವಿ," ಎಂದರು. ನಾಣ್ಯ ಹಿಡಿದಾಗ ಮಾತಾಡಬಾರದು, ಉಸಿರು ತಾಗುತ್ತದೆ.

ಅಷ್ಟರಲ್ಲಿ ಟ್ಯಾಂಕರಿನ ಹಾರ್ನ್ ಕೇಳಿತು. ಓಣಿಯಲ್ಲಿ ಕೊಡಗಳ ಸದ್ದು, ಹೆಂಗಸರ ಓಟ.

"ಮಾವಾರೀ, ಟ್ಯಾಂಕರ್ ಬಂತ್ರಿ," ಎಂದೆ, ಮುಖ ಆಚೆ ತಿರುಗಿಸಿ.

"ಜರಾ ತಡಿಯವ್ವಾ. ಬೆಳಕು ಹೋಗ್ತದ. ಸರಾಫರಿಗೆ ಇನ್ನೊಂದು ಮಗ್ಗಲ ತೋರಿಸು."

ನಾಣ್ಯ ತಿರುಗಿಸಿದೆ. ನೀಲಿ ಎದ್ದು ಬಂತು. ಕಿಟಕಿಯಿಂದ ನಮ್ಮ ಎರಡು ಕೊಡಗಳು ಕಾಣುತ್ತಿದ್ದವು. ಹಿಂದಿನವರು ಅವನ್ನು ಕಾಲಿನಿಂದ ಪಕ್ಕಕ್ಕೆ ಸರಿಸುತ್ತಿದ್ದರು. ಆಗ ಅತ್ತೆಯವರು ಮೊಣಕಾಲು ಹಿಡಿದುಕೊಂಡು ಹೊರಗೆ ಇಳಿದರು. ಅತ್ತೆಯವರದು ಚಿಂತಾಕಿ ತವರು, ಬಾಯಿ ಗಟ್ಟಿ. ಆದರೆ ಅವತ್ತು ಜಗಳದ ದನಿಗಳಲ್ಲಿ ಅವರ ದನಿ ಕೇಳಲಿಲ್ಲ. ಅರ್ಧ ಕೊಡ ನೀರು ತಂದರು. ಸೀರೆಯ ಕೆಳಗಿನ ಭಾಗ ತೊಯ್ದಿತ್ತು. ಬಿದ್ದಿದ್ದರೋ ಏನೋ, ಹೇಳಲಿಲ್ಲ.

ಕೊಡವನ್ನು ಪಡಸಾಲೆಯ ನಡುವೆಯೇ ಇಟ್ಟು ಒಳಗೆ ಹೋದರು. ಬಂದಾಗ ಕೈಯಲ್ಲಿ ತಟ್ಟೆ: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಕುಂಕುಮ.

"ಸೆರಗು ಹಿಡಿ," ಎಂದರು.

"ಅತ್ತೀ, ಕೈಯಾಗ ನಾಣ್ಯ ಅದ."

"ಒಂದು ಕೈಲೆ ಹಿಡಿ."

ಎಡಗೈಯಿಂದ ಸೆರಗು ಒಡ್ಡಿದೆ. ಉಡಿ ತುಂಬುವುದೆಂದರೆ ಹೆಣ್ಣುಮಗಳನ್ನು ಮನೆಯಿಂದ ಕಳಿಸಿಕೊಡುವುದು. ತುಂಬಿದ ಉಡಿಯೊಂದಿಗೆ ಹೊಸ್ತಿಲು ದಾಟಬೇಕು, ತಿರುಗಿ ಒಳಗೆ ಕೂರುವಂತಿಲ್ಲ. ಗಂಡಸರಿಗೂ ಅದು ಗೊತ್ತು. ಗುರೂಜಿ ಎದ್ದು ನಿಂತರು. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು. ಉಡಿಯಲ್ಲಿ ಒಂದು ನಾಣ್ಯವೂ ಇರಬೇಕು. ಅತ್ತೆಯವರು ಅರಿಷಿಣ ಮೆತ್ತಿದ ಒದ್ದೆ ಕೈಯನ್ನು ಚಾಚಿ, ನನ್ನ ಬೆರಳುಗಳ ನಡುವಿನಿಂದ ಚಾರ್ಮಿನಾರ್ ರೂಪಾಯಿಯನ್ನು ಮೈ ಹಿಡಿದೇ ತೆಗೆದುಕೊಂಡು ಅಕ್ಕಿಯ ಮೇಲೆ ಹಾಕಿದರು.

"ಅಯ್ಯೋ, ಅರಿಷಿಣ ಕೈರೀ," ಎಂದರು ಗುರೂಜಿ. "ತಗೀರಿ, ಲಗೂನ ತಗೀರಿ."

"ಉಡ್ಯಾಗ ಹಾಕಿದ್ದು ತಗ್ಯಾಂಗಿಲ್ಲ ಗುರೂಜಿ. ಸಾಲಿ ಕಲಿಸೋರು ನೀವು, ಇಷ್ಟು ಗೊತ್ತಿಲ್ಲೇನು?" ಎಂದರು ಅತ್ತೆಯವರು. ಆಮೇಲೆ ಗಂಡನ ಕಡೆ ನೋಡದೆ, "ನಾ ಈ ನಾಣ್ಯದ ಪೆಟ್ಟಿಗಿ ಕಾಯ್ಕೋತ ಮುದುಕಿ ಆದೆ. ತಂಗಿ ಲಗ್ನಕ್ಕ ಚಿಂತಾಕಿಗೆ ಹೋಗ್ಲಿಲ್ಲ, ಮನ್ಯಾಗ ಯಾರೂ ಇಲ್ಲ ಅಂತ. ಇಕಿ ಹೋಗ್ಲಿ," ಎಂದರು.

ಮಾವನವರ ಎರಡೂ ಕೈ ನಡುಗುತ್ತಿದ್ದವು, ಅವರು ಒತ್ತಿ ಹಿಡಿಯಲಿಲ್ಲ. ನಿಧಾನವಾಗಿ ಎದ್ದು ನನ್ನ ಉಡಿಯೊಳಗೆ ಇಣುಕಿದರು. ಮುಟ್ಟಲಿಲ್ಲ.

"ಒರೆಸಬ್ಯಾಡವ್ವಾ," ಎಂದರು. "ಅರಿಷಿಣ ಇದ್ರ ಇರ್ಲಿ. ಒರೆಸಿದ್ರ ಬಣ್ಣಾನೂ ಹೋಗ್ತದ."

ನಾನು ಬಾಗಿ ಅವರ ಪಾದ ಮುಟ್ಟಿದೆ. ಅತ್ತೆಯವರ ಪಾದ ಮುಟ್ಟುವಾಗ ಅವರ ಸೀರೆಯಿಂದ ಇನ್ನೂ ನೀರು ಇಳಿಯುತ್ತಿತ್ತು.

ಅಂದೇ ಸಂಜೆಯ ಬಸ್ಸಿಗೆ ಹೋದೆ. ಗಂಟುಮೂಟೆಯವರ ನಡುವೆ ನಾನೂ ಒಬ್ಬಳು. ಉಡಿಯ ಅಕ್ಕಿಯಲ್ಲೇ ಹೈದರಾಬಾದಿನ ಮೊದಲ ಅನ್ನ ಮಾಡಿದೆ. ಮನೆಯೊಡತಿ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸಮಾಧಾನವಾಗಿ ಹೋದಳು. ಖೋಲಿಗೆ ಒಂದೇ ಕಿಟಕಿ, ಅದರ ಎದುರಿಗೆ ಪಕ್ಕದ ಮನೆಯ ಗೋಡೆ. ನಾಣ್ಯವನ್ನು ದೇವರ ಗೂಡಿನಲ್ಲಿ ಇಟ್ಟೆ. ಎಷ್ಟು ಓರೆ ಮಾಡಿದರೂ ಅಲ್ಲಿ ಅದು ಕೊಳೆಯಾಗಿಯೇ ಕಾಣುತ್ತಿತ್ತು. ಆದರೂ ಒರೆಸಲಿಲ್ಲ. ಹಬ್ಬಕ್ಕೆ ಉಳಿದ ಬೆಳ್ಳಿಯನ್ನೆಲ್ಲ ಹುಣಸೆಹಣ್ಣಿನಿಂದ ತಿಕ್ಕುವಾಗಲೂ ಅದನ್ನು ಬಿಟ್ಟೆ.

ಭಾಲ್ಕಿಯ ಪ್ರದರ್ಶನ ಮುಗಿದ ಮೇಲೆ ಒಂದು ಭಾನುವಾರ ಅತ್ತೆಯವರಿಗೆ ಫೋನ್ ಮಾಡಿದೆ. ಬಾವಿಗೆ ಇನ್ನೂ ನೀರು ಬಂದಿರಲಿಲ್ಲ.

"ಈಗ ನಾಣ್ಯ ಯಾರು ಹಿಡೀತಾರ ಅತ್ತೀ?"

"ಮತ್ತ್ಯಾರು, ನಾನೇ. ಅಂಚು ಹಿಡಿ, ಅಂಚು ಹಿಡಿ ಅಂತಾರ. ನಾ ನಡುವೇ ಹಿಡೀತೇನಿ. ಗುರೂಜಿ ಬರೋದು ಕಮ್ಮಿ ಆಗ್ಯಾದ," ಎಂದು ನಕ್ಕರು.

ಹಿಂದಿನಿಂದ ಮಾವನವರ ದನಿ ಬಂತು: "ಬೆಳಕು ಹೋಗ್ತದ, ಬಾ."

"ಬಂದೆರೀ," ಎಂದು ಅತ್ತೆಯವರು ಫೋನ್ ಇಟ್ಟರು.

ನಾನು ನಳ ತಿರುಗಿಸಿದೆ. ನೀರು ಬಂತು. ಕೊಡ ತುಂಬುವವರೆಗೆ ಅಲ್ಲೇ ನಿಂತಿದ್ದೆ.